ಎಂಬತ್ತರ ಮೇಲೂ ಚಾರ್ಜಿಗೆ ನಿಂತವಳು

"ಕಣ್ಣು ಕಾಣಿಸಲ್ವಾ ನಿಮಗೆ?"

ಬ್ರೇಕಿನ ಮೇಲಿಂದ ಕಾಲು ತೆಗೆಯದೆ, ಕಿಟಕಿಯಿಂದ ತಲೆ ಹೊರಗೆ ಹಾಕಿ ಅವಳು ಕೂಗಿದಳು. ಕಾರು ಇನ್ನೊಂದು ಗೇಣು ಹಿಂದಕ್ಕೆ ಹೋಗಿದ್ದರೆ... ಅಯ್ಯೋ ದೇವರೇ!

ಕಾರಿನ ಹಿಂದೆ ನಿಂತಿದ್ದ ಕಪ್ಪು ಕೋಟಿನ ಮನುಷ್ಯ ಯಾವ ಅವಸರವೂ ಇಲ್ಲದೆ ಅವಳ ದನಿಯ ಕಡೆ ತಿರುಗಿದ.

"ಇಲ್ಲ. ನಿಮಗೆ?"

ಆಗ ಕಂಡಿತು ಅವಳಿಗೆ, ನೆಲದ ಮೇಲೆ ಬಿದ್ದಿದ್ದ ಬಿಳಿ ಕೋಲು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾಲಿಗೆ ಕಚ್ಚಿಕೊಂಡು ಕೆಳಗಿಳಿದಳು. ಕೋಲೆತ್ತಿ ಅವನ ಕೈಗೆ ಕೊಟ್ಟಳು. ಕ್ಷಮಿಸಿ ಅನ್ನಬೇಕು ಅಂತ ಬಾಯಿ ತೆರೆದರೆ, ಆ ಮನುಷ್ಯ ಅದಕ್ಕೂ ಸಮಯ ಕೊಡಬೇಕಲ್ಲ! ಗಾಡಿಗೆ ಸದ್ದೇ ಇಲ್ಲವಲ್ಲ, ತಳ್ಳಿಕೊಂಡು ಬಂದಿರಾ ಅಂತ ಕೇಳಿದ.

ಎಲೆಕ್ಟ್ರಿಕ್ ಕಾರು ಅಂದಳು. ಅಷ್ಟು ಗಾಬರಿಯಲ್ಲೂ ಆ ಮಾತಿನಲ್ಲಿ ಒಂದು ಚಿಟಿಕೆ ಜಂಭ ಇತ್ತು, ಸುಳ್ಳು ಹೇಳಬಾರದು.

"ನಿಧಾನಕ್ಕೆ ಹೋಗುವಾಗ ಜನಕ್ಕೆ ಗೊತ್ತಾಗ್ಲಿ ಅಂತ ಒಂದು ಸಣ್ಣ ಸದ್ದು ಬರ್ಬೇಕಲ್ಲ, ಅದೆಲ್ಲಿ?"

"ಆಫ್ ಮಾಡಿದ್ದೀನಿ..."

"ಹಾಗಾದ್ರೆ ಇದು ಕಾರಲ್ಲ. ಕಳ್ಳಬೆಕ್ಕು."

ಅಷ್ಟು ಹೇಳಿ, ಕೋಲಿನಿಂದ ನೆಲ ತಡವುತ್ತ ಅವನು ಕೋರ್ಟಿನ ಮೆಟ್ಟಿಲು ಹತ್ತಿಯೇಬಿಟ್ಟ. ಅವಳಿಗೆ ಮೈಯೆಲ್ಲ ಉರಿಯಿತು. ತಪ್ಪು ತನ್ನದೇ ಅಂತ ಗೊತ್ತಿದ್ದಾಗ ಬರುವ ಉರಿ ಇದೆಯಲ್ಲ, ಅದು ಬೇಗ ಆರುವುದಿಲ್ಲ.

ಅವಳು ಫಿಸಿಯೋಥೆರಪಿಸ್ಟ್. ಮಂಡಿ ಆಪರೇಷನ್ ಆದವರು, ಲಕ್ವ ಹೊಡೆದವರು, ಬೆನ್ನು ಹಿಡಿದುಕೊಂಡವರು... ಎಲ್ಲರ ಮನೆಗೂ ತಾನೇ ಹೋಗಿ ಅವರನ್ನು ಎಬ್ಬಿಸಿ ನಡೆಸುವುದು ಅವಳ ಕೆಲಸ. ಆ ದುಡಿಮೆಯಿಂದಲೇ ಕೊಂಡ ಕಾರು ಇದು. ನೀಲಿ ಬಣ್ಣ, ಎತ್ತರದ ಮೈ, ಹಿಂದೆ ಮಡಚುವ ಮಂಚ ಹಿಡಿಸುವಷ್ಟು ಜಾಗ. ಬಾನೆಟ್ ಎತ್ತಿದರೆ ಇಂಜಿನ್ ಇರಬೇಕಾದ ಕಡೆ ಒಂದು ಪೆಟ್ಟಿಗೆ, ಅದರ ತುಂಬ ಅವಳ ರಬ್ಬರ್ ಪಟ್ಟಿಗಳು, ಚೆಂಡುಗಳು. ಏರು ಹತ್ತುವಾಗ ತಿಂದ ಚಾರ್ಜನ್ನು ಇಳಿಜಾರಿನಲ್ಲಿ ಒಂದಿಷ್ಟು ವಾಪಸ್ ಕೊಡುವ ಕಾರು ಅದು. ಮನುಷ್ಯರಿಗಿಂತ ನಿಯತ್ತು ಜಾಸ್ತಿ ಅನ್ನುತ್ತಿದ್ದಳು.

ಕೊಂಡಾಗ ಅಮ್ಮ ಮಾತ್ರ, ಮೊಬೈಲಿಗೆ ಚಾರ್ಜ್ ಹಾಕೋಕೆ ಮರೆಯೋಳು ಕಾರಿಗೆ ಹಾಕ್ತಾಳಂತೆ ಅಂತ ಮೂಗು ಮುರಿದಿದ್ದರು. ಅದೇ ಅಮ್ಮ ಮೇಲಿನ ಮಹಡಿಯವರ ಹತ್ತಿರ, ನಮ್ಮ ಹುಡುಗಿ ಕಾರು ಹೊಗೆ ಉಗುಳಲ್ಲ ಕಣ್ರೀ ಅಂತ ಹೇಳಿಕೊಂಡು ಬೀಗುತ್ತಿದ್ದರು. ಅದು ಮಗಳಿಗೆ ಗೊತ್ತಿಲ್ಲ ಅಂದುಕೊಂಡಿದ್ದರು, ಪಾಪ.

ಅವತ್ತು ಸಂಜೆಯೇ ಅವಳು ಆ ಸಣ್ಣ ಸದ್ದನ್ನು ಆನ್ ಮಾಡಿದಳು. ಯಾರಿಗೂ ಹೇಳಲಿಲ್ಲ.

ಮುಂದಿನ ವಾರ ಮನೆಯ ಚಾರ್ಜರ್ ಕೆಟ್ಟಿತು. ಕೋರ್ಟಿನ ಪಕ್ಕದ ಚಾರ್ಜಿಂಗ್ ಸ್ಟೇಷನ್ನಿಗೆ ಬಂದರೆ, ಅಲ್ಲಿನ ಕಾಫಿ ಅಂಗಡಿಯ ಬೆಂಚಿನ ಮೇಲೆ ಅದೇ ಕಪ್ಪು ಕೋಟು! ಕಾರು ಮೆಲ್ಲಗೆ ಬಂದು ನಿಂತಿತು. ಅವನು ತಲೆ ಎತ್ತದೆಯೇ ಹೇಳಿದ.

"ಅಂತೂ ಬೆಕ್ಕಿಗೆ ಗಂಟೆ ಕಟ್ಟಿದ್ರಿ."

ಅವಳಿಗೆ ನಗು ತಡೆಯಲಾಗಲಿಲ್ಲ. ಗಂಟಲಲ್ಲಿ ಉಳಿದಿದ್ದ ಕ್ಷಮೆಯೂ ಆ ನಗುವಿನ ಜೊತೆಗೇ ಹೊರಗೆ ಬಂತು.

ಆಮೇಲಿನದನ್ನು ಹೇಳಬೇಕೇ? ಪೆಟ್ರೋಲ್ ಕಾರಿನವರಿಗೆ ಈ ಭಾಗ್ಯ ಇಲ್ಲ ನೋಡಿ. ಅವರು ಬಂದರು, ತುಂಬಿಸಿದರು, ಹೋದರು. ಎಲೆಕ್ಟ್ರಿಕ್ ಕಾರಿನವರು ಕಾಯಬೇಕು. ಕಾಯುವಾಗ ಮಾತಾಡಬೇಕು. ಮಾತಾಡಿದರೆ... ಆಗುವುದು ಆಗುತ್ತದೆ.

ವಕೀಲ ಕಾರನ್ನು ಕೈಯಿಂದ ನೋಡಿದ. ಚಾರ್ಜಿಂಗ್ ಗನ್ ಹಿಡಿದು, ಬೆರಳಿನಿಂದ ಸಾಕೆಟ್ ಹುಡುಕಿ, ಟಕ್ ಅಂತ ತಾನೇ ಕೂರಿಸಿದ. ಇನ್ನು ಮೇಲೆ ಇದು ನನ್ನ ಕೆಲಸ ಅಂದ. ಅವಳು ಬೇಡ ಅನ್ನಲಿಲ್ಲ. ಚಾರ್ಜ್ ಆದ ಮೇಲೆ ಹೋಗುವ ದಾರಿಯಲ್ಲೇ ಅವನ ಮನೆ, ಬಿಟ್ಟು ಹೋಗುತ್ತೇನೆ ಅಂದಳು. ಅವನೂ ಬೇಡ ಅನ್ನಲಿಲ್ಲ.

ಮನೆಯ ಚಾರ್ಜರ್ ರಿಪೇರಿ ಆಯಿತು. ಆ ಸಂಗತಿಯನ್ನು ಅವಳು ಅವನಿಗೆ ಹೇಳಲಿಲ್ಲ.

ಇವತ್ತೂ ಬ್ಯಾಟರಿ ಇಳಿದಿದೆಯಾ ಅಂತ ಅವನು ಕೇಳುವುದು, ಹೂಂ, ಪೂರ್ತಿ ಇಳಿದಿದೆ ಅಂತ ಅವಳು ಹೇಳುವುದು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತಂತೆ, ಹಾಗೆ.

ಒಂದು ದಿನ ಬೇಗ ಬಂದವಳು ಸುಮ್ಮನೆ ಕೋರ್ಟಿನೊಳಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತಳು. ಕೆಲಸ ಕಳೆದುಕೊಂಡ ಒಬ್ಬ ಹೆಂಗಸಿನ ಪರವಾಗಿ ಅವನು ವಾದಿಸುತ್ತಿದ್ದ. ಕೈಯಲ್ಲಿ ಒಂದು ಕಾಗದ ಇಲ್ಲ. ದನಿ ಏರಿಸಲೂ ಇಲ್ಲ. ಬರೆಯುತ್ತಿದ್ದ ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ಕೇಳತೊಡಗಿದರು.

ಅವಳ ಕತ್ತು ತಾನಾಗಿಯೇ ನೆಟ್ಟಗಾಯಿತು. ಕಾರಿನ ಕೀಲಿ ಮೊದಲ ಸಲ ಕೈಗೆ ಬಂದ ದಿನವೂ ಇಷ್ಟು ಹೆಮ್ಮೆ ಆಗಿರಲಿಲ್ಲ ಅವಳಿಗೆ. ಆದರೆ ಅದು ತಾನು ದುಡಿದು ತಂದದ್ದು. ಈ ಮನುಷ್ಯನ ವಿಷಯಕ್ಕೆ ಹೆಮ್ಮೆಪಡಲು ನಾನ್ಯಾರು?

ಆ ಪ್ರಶ್ನೆಗೆ ಉತ್ತರ ಸಿಕ್ಕಿದಾಗ ಅವಳಿಗೆ ಭಯವಾಯಿತು.

ಭಯಪಟ್ಟಂತೆಯೇ ಆಯಿತು. ಒಂದು ಸಂಜೆ ಇಬ್ಬರೂ ಬೆಂಚಿನ ಮೇಲೆ ಕೂತಿದ್ದಾಗ, ಸರದಿಗಾಗಿ ಕಾಯುತ್ತಿದ್ದ ಟ್ಯಾಕ್ಸಿಯವನೊಬ್ಬ ತಾಳ್ಮೆ ಕಳೆದುಕೊಂಡು ಬಂದು ನಿಂತ.

"ಮೇಡಂ, ನಿಮ್ಮದು ತೊಂಬತ್ತೊಂದು ಪರ್ಸೆಂಟ್ ಆಗಿದೆ. ಎಂಬತ್ತಾದ್ಮೇಲೆ ಆಮೆ ಥರ ಹೋಗುತ್ತೆ ಅಂತ ಗೊತ್ತಿಲ್ವಾ? ನಂದು ಆರಕ್ಕೆ ಇಳಿದಿದೆ, ಹೊಟ್ಟೆಪಾಡು ಬೇರೆ. ದಿನಾ ನೋಡ್ತೀನಿ, ಬರುವಾಗಲೇ ಎಂಬತ್ತೈದು ಇರುತ್ತೆ ನಿಮ್ಮದು. ಮನೇಲಿ ಚಾರ್ಜರ್ ಇಲ್ವಾ?"

"ಇದೆ..."

ಬಾಯಿ ಜಾರಿತು. ಪಕ್ಕದಲ್ಲಿ ಕಾಫಿ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು.

ಅವಳು ಓಡಿಹೋಗಿ ಗನ್ ಕಿತ್ತು ಜಾಗ ಬಿಟ್ಟಳು. ಟ್ಯಾಕ್ಸಿಯವನದು ನ್ಯಾಯವಾದ ಸಿಟ್ಟು, ಅವನಿಗೇನನ್ನುವುದು? ವಾಪಸ್ ಬಂದಾಗ ವಕೀಲ ಎದ್ದು ನಿಂತಿದ್ದ. ಮುಖದಲ್ಲಿ ದಿನದ ನಗು ಇರಲಿಲ್ಲ.

"ಚಾರ್ಜ್ ಬೇಕಿರಲಿಲ್ಲ ನಿಮಗೆ. ನನಗೋಸ್ಕರ ಬರ್ತಿದ್ರಿ."

"ಹೌದು," ಅಂದಳು ಮೆಲ್ಲಗೆ. ಅದು ನಿಜವಾಗಿತ್ತು. ಆದರೆ ಅವನು ಕೇಳಿಸಿಕೊಂಡದ್ದೇ ಬೇರೆ.

"ಕುರುಡ ಬಸ್ಸಿಗೆ ಅಲೀತಾನೆ, ಪಾಪ, ಮನೆಗೆ ಬಿಡೋಣ ಅಂತ. ನೇರವಾಗಿ ಹೇಳಿದ್ರೆ ನಾನು ಬೇಡ ಅಂತೀನಿ, ಅದಕ್ಕೆ ಬ್ಯಾಟರಿ ನೆಪ. ಇಲ್ಲಿವರೆಗೂ ನನ್ನ ಕಾಲ ಮೇಲೆ ನಾನು ನಿಂತು ಬಂದಿದ್ದೀನಿ ಮೇಡಂ. ನಿಮ್ಮ ಪುಣ್ಯದ ಲೆಕ್ಕಕ್ಕೆ ನಾನು ಬೇಡ."

ಮಡಚಿಟ್ಟಿದ್ದ ಕೋಲು ಬಿಡಿಸಿಕೊಂಡು ಅವನು ಬಸ್ ಸ್ಟಾಪಿನ ಕಡೆ ನಡೆದ. ನಿಲ್ಲಿ, ಹಾಗಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ಇಷ್ಟು ದಿನ ಪಕ್ಕದಲ್ಲಿ ಕೂತವನಿಗೆ ನನ್ನ ಮನಸ್ಸು ಇಷ್ಟೇನಾ ಅರ್ಥವಾದದ್ದು? ಹೋಗಲಿ ಬಿಡು! ಇಬ್ಬರಿಗೂ ಸ್ವಾಭಿಮಾನ ಒಂದು ತೂಕ ಜಾಸ್ತಿಯೇ ಇತ್ತು.

ಅಲ್ಲಿಂದ ಮುಂದೆ ಕಾರು ಮನೆಯಲ್ಲೇ ಚಾರ್ಜ್ ಆಯಿತು. ಅವಳು ಪೇಷಂಟುಗಳ ಮನೆಗೆ ಹೋದಳು, ಬಂದಳು, ಊಟದ ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದಳು. ಕೊನೆಗೆ ಅಮ್ಮನೇ ಬಾಯಿಬಿಟ್ಟರು.

"ಕಾರು ಫುಲ್ ಆಗಿದೆ. ನೀನ್ಯಾಕೆ ಇಳಿದುಹೋಗಿದ್ದೀಯೇ?"

ಅಷ್ಟೇ ಸಾಕಾಯಿತು. ಅಳುತ್ತಳುತ್ತಲೇ ಎಲ್ಲ ಹೇಳಿದಳು. ಅಮ್ಮ ಪೂರ್ತಿ ಕೇಳಿ, ಮಗಳ ಮುಖವನ್ನೇ ನೋಡುತ್ತ ಕೇಳಿದರು.

"ಪಾಪ ಅನ್ನಿಸಿ ಹೋಗ್ತಿದ್ದದ್ದು ಅಲ್ವಲ್ಲ?"

"ಅಲ್ಲಮ್ಮ, ಒಂದು ದಿನವೂ ಅಲ್ಲ!"

"ಹಾಗಾದ್ರೆ ಅದನ್ನ ನನಗ್ಯಾಕೆ ಹೇಳ್ತಾ ಕೂತಿದ್ದೀಯ?"

ಮರುದಿನ ಅವಳು ನೇರ ಅವನ ಆಫೀಸಿಗೇ ಹೋದಳು. ಹೊರಗಿನ ಕುರ್ಚಿಗಳಲ್ಲಿ ಕಕ್ಷಿದಾರರು ಸಾಲಾಗಿ ಕೂತಿದ್ದರು. ಒಂದೇ ಒಂದು ನಿಮಿಷ ಅಂತ ಅವರೆಲ್ಲರ ಕ್ಷಮೆ ಕೇಳಿ ಒಳಗೆ ನುಗ್ಗಿದಳು. ಅವಸರದಲ್ಲಿ ಬಾಗಿಲನ್ನೂ ಮುಚ್ಚಲಿಲ್ಲ.

ಹೆಜ್ಜೆ ಕೇಳಿದ್ದೇ ಅವನು ಕುರ್ಚಿಯಲ್ಲಿ ನೆಟ್ಟಗೆ ಕೂತ. ಕೂರಿ ಅನ್ನಲಿಲ್ಲ.

"ಕೋರ್ಟಿನಲ್ಲಿ ಎಲ್ಲರನ್ನೂ ಪೂರ್ತಿ ಕೇಳ್ತೀರಿ. ನನ್ನನ್ನ ಅರ್ಧಕ್ಕೇ ಬಿಟ್ಟು ತೀರ್ಪು ಕೊಟ್ರಿ. ಕೇಳಿ ಈಗ."

ಅವನು ಪಾಟೀಸವಾಲಿಗೇ ಇಳಿದ.

"ಮನೇಲಿ ಚಾರ್ಜರ್ ಇದ್ರೂ ಸ್ಟೇಷನ್ನಿಗೆ ಬರ್ತಿದ್ರಿ. ನಿಜಾನಾ?"

"ನಿಜ."

"ಬ್ಯಾಟರಿ ಇಳಿದಿದೆ ಅಂತ ಸುಳ್ಳು ಹೇಳಿದ್ರಿ."

"ದಿನಾ ಹೇಳಿದೆ."

"ನನ್ನನ್ನ ಮನೆಗೆ ಬಿಡೋಕೆ."

"ಅಲ್ಲ. ನಿಮ್ಮ ಪಕ್ಕ ಕೂರೋಕೆ." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಚಾರ್ಜ್ ಆಗೋವರೆಗೂ ನನ್ನನ್ನ ಯಾರೂ ಅಲ್ಲಿಂದ ಏಳು ಅನ್ನಲ್ಲ. ಎಂಬತ್ತಾದ್ಮೇಲೆ ಆಮೆ ಥರ ಹೋಗುತ್ತೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಇನ್ನೂ ನಿಧಾನಕ್ಕೆ ಹೋಗ್ಲಿ ಅಂತಿದ್ದೆ..."

ಅವನ ಬೆರಳುಗಳು ಮೇಜಿನ ಅಂಚನ್ನು ಹಿಡಿದುಕೊಂಡವು.

"ಪಾಪ ಅನ್ನೋದನ್ನ ನಾನು ನನ್ನ ಪೇಷಂಟುಗಳಿಗೂ ಕೊಡಲ್ಲ. ಪಾಪ ಅಂದ್ರೆ ಯಾರ ಮಂಡಿಯೂ ಮಡಚಲ್ಲ, ಯಾರೂ ಎದ್ದು ನಡೆಯಲ್ಲ. ಅವತ್ತು ನೀವು ವಾದ ಮಾಡೋವಾಗ ಕೊನೇ ಬೆಂಚಿನಲ್ಲಿ ನಾನಿದ್ದೆ. ನನಗೆ ಎಷ್ಟು ಹೆಮ್ಮೆ ಆಯ್ತು ಗೊತ್ತಾ? ಇಡೀ ಕೋರ್ಟಿಗೆ ಕೂಗಿ ಹೇಳಬೇಕು ಅನ್ನಿಸ್ತು. ಏನಂತ ಹೇಳಲಿ, ನನಗೇನು ಹಕ್ಕಿದೆ ಅಂತ ಸುಮ್ಮನಾದೆ."

ಅವನು ಮೆಲ್ಲಗೆ ಎದ್ದು, ಮೇಜು ಸುತ್ತಿಕೊಂಡು ಬಂದು ಅವಳೆದುರು ನಿಂತ.

"ಶನಿವಾರ ಕೋರ್ಟಿಗೆ ರಜೆ," ಅಂದ.

"ಏನು?"

"ಶನಿವಾರ ರಜೆ. ಆದ್ರೂ ಕೋಟು ಹಾಕ್ಕೊಂಡು, ಎರಡು ಬಸ್ ಬದಲಾಯಿಸಿ ಆ ಬೆಂಚಿಗೆ ಬಂದು ಕೂರ್ತಿದ್ದೆ. ನೀವು ಬರ್ತೀರಿ ಅಂತ."

ಸುಳ್ಳಿನಲ್ಲಿ ತಾನೇ ಗಟ್ಟಿಗಿತ್ತಿ ಅಂದುಕೊಂಡಿದ್ದಳಲ್ಲ, ವಕೀಲ ಅವಳನ್ನೂ ಮೀರಿಸಿದ್ದ.

"ನೀವೂ ನನ್ನ ಥರ ಬರ್ತಿದ್ದೀರಿ ಅಂತ ನಂಬೋಕೆ ಧೈರ್ಯ ಬರಲಿಲ್ಲ," ಅಂದ ಅವನು. "ಪಾಪ ಅಂತ ಅಂದ್ಕೊಂಡ್ರೆ ಸುಲಭ. ನೋವಾದ್ರೂ ಅಭ್ಯಾಸ ಇದೆ... ತಪ್ಪಾಯ್ತು."

ಅವಳು ಕಣ್ಣು ಒರೆಸಿಕೊಂಡಳು. ನಾಳೆಯಿಂದ ಮನೆಯಲ್ಲೇ ಚಾರ್ಜ್ ಮಾಡಿಕೊಂಡು, ಯಾವ ನೆಪವೂ ಇಲ್ಲದೆ ಸಂಜೆ ಕೋರ್ಟಿನ ಮುಂದೆ ಬಂದು ನಿಲ್ಲುತ್ತೇನೆ ಅಂದಳು.

"ಯಾಕೆ ಬಂದ್ರಿ ಅಂತ ಯಾರಾದ್ರೂ ಕೇಳಿದ್ರೆ?"

"ಇವರು ನನ್ನವರು, ಕರ್ಕೊಂಡು ಹೋಗೋಕೆ ಬಂದೆ ಅಂತೀನಿ. ಆಕ್ಷೇಪಣೆ ಇದೆಯಾ ವಕೀಲರೇ?"

ಅವನ ಮುಖದಲ್ಲಿ ದಿನದ ನಗು ಮರಳಿ ಬಂತು.

"ಇಲ್ಲ," ಅಂದ. ಆಮೇಲೆ ಸಣ್ಣ ದನಿಯಲ್ಲಿ, "ಇನ್ನೊಂದ್ಸಲ ಹೇಳಿ."

"ಕೇಳಿಸಲಿಲ್ವಾ?"

"ಕೇಳಿಸ್ತು. ಆದ್ರೂ ಹೇಳಿ."

ಅವಳು ತೆರೆದ ಬಾಗಿಲಿನ ಕಡೆ ತಿರುಗಿ ನಿಂತಳು. ಹೊರಗೆ ಸಾಲಾಗಿ ಕೂತಿದ್ದ ಅಷ್ಟೂ ಜನ ಕತ್ತು ಉದ್ದ ಮಾಡಿ ಇತ್ತಲೇ ನೋಡುತ್ತಿದ್ದರು. ಅವರಲ್ಲಿ ಕೊನೆಯವರಿಗೂ ಕೇಳಿಸುವ ಹಾಗೆ, ತಲೆ ಎತ್ತಿ, ಅವಳು ಹೇಳಿದಳು.

"ಇವರು ನನ್ನವರು."