ಎಡಗೈ ಕೊಯ್ತ

ಪಾಚಿಯನ್ನು ಕಿತ್ತೆಸೆದೆ. ಕೆಳಗೆ ಆಗಷ್ಟೇ ಕೊಯ್ದ ಅಣಬೆಯ ಬುಡ. ನೆಲವೆಲ್ಲ ಚಳಿಗೆ ಕೊರೆಯುತ್ತಿದ್ದರೂ ಅದು ಒಲೆಯಿಂದ ತೆಗೆದ ಕಪ್ಪು ಬ್ರೆಡ್ಡಿನಂತೆ ಬೆಚ್ಚಗಿತ್ತು. ವಾರೆನಾ ಕಾಡಿನ ಈ ಜಾಗವನ್ನು ಅಮ್ಮ ಸಾಯುವ ಮುಂಚೆ ನನ್ನೊಬ್ಬಳಿಗೇ ತೋರಿಸಿದ್ದಳು. ಮನೆ ತಮ್ಮನಿಗೆ, ಅಣಬೆ ಜಾಗ ನನಗೆ. ಇದು ಅವಳಿಲ್ಲದ ಮೊದಲ ಶರತ್ಕಾಲ. ಬುಡಕ್ಕೆ ಪಾಚಿ ಮುಚ್ಚಿ ಹೆಬ್ಬೆರಳಿನಿಂದ ಒತ್ತುವುದು ಅವಳ ರೂಢಿ. ಇಲ್ಲಿ ಪ್ರತಿ ಬುಡದ ಮೇಲೂ ಹೆಬ್ಬೆರಳ ಗುಳಿಯಿತ್ತು. ಕಳ್ಳ ಅದನ್ನೂ ಕಲಿತಿದ್ದ!

ಅವಳ ಆ ರೂಢಿ ನನ್ನ ಬಿಟ್ಟರೆ ಗೊತ್ತಿದ್ದದ್ದು ತಮ್ಮ ಆಲ್ಗಿಸ್‌ಗೆ ಮಾತ್ರ; ನೇರವಾಗಿ ಅವನ ಮನೆಗೆ ನುಗ್ಗಿದೆ. ಮುರಿದ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದ. ಮುಂದೆ ಬುಟ್ಟಿ ತುಂಬ ಅಣಬೆ.

"ನನ್ನ ಜಾಗಕ್ಕೆ ಯಾರನ್ನ ಕಳಿಸಿದ್ಯೋ, ಕಳ್ಳಾ?"

"ನಿನ್ನ ತಲೆ! ದಿನಾ ಬೆಳಿಗ್ಗೆ ನೀನೇ ಹೊಸ್ತಿಲಲ್ಲಿ ಇಟ್ಟು ಹೋಗ್ತೀಯ, ಆಮೇಲೆ ಜಗಳಕ್ಕೂ ಬರ್ತೀಯಲ್ಲಕ್ಕಾ?"

ನಾನು ಇಟ್ಟಿರಲಿಲ್ಲ. ಒಂದನ್ನು ಎತ್ತಿ ನೋಡಿದೆ. ಅದೂ ಬೆಚ್ಚಗಿತ್ತು. ಕೊಯ್ತ ಎಡಗೈಯವರದು, ಓರೆ. ನಮ್ಮಲ್ಲಿ ಎಡಚಿ ಅಂದರೆ ಅಮ್ಮನೊಬ್ಬಳೇ. ಅವಳ ಚಾಕು ನನ್ನ ಜೇಬಿನಲ್ಲೇ ಇತ್ತು.

ಭಯವಾಗಬೇಕಿತ್ತು. ಬದಲಿಗೆ ಮೈಯೆಲ್ಲ ಉರಿಯಿತು. ಸತ್ತ ಮೇಲೂ ಅವಳಿಗೆ ಮಗನೇ ಹೆಚ್ಚು!

"ಅರ್ಧ ತಗೊಂಡ್ಹೋಗಕ್ಕಾ," ಎಂದು ಅವನು ಬುಟ್ಟಿ ಚಾಚಿದ.

"ಬೇಡ. ನಿನಗೇ ಅಂತ ಕೊಯ್ದಿದಾಳೆ, ನೀನೇ ತಿನ್ನು."