ಕೆಂಪು ಕಾರ್ಡು ಮುಟ್ಟಿದವನು

ಮೇಜಿನ ಮೇಲೆ ಗೇಣುದ್ದದ ಹಳದಿ ಬಾವುಟ ನಿಲ್ಲಿಸುವುದು ಹುಡುಗಾಟದ ಮಾತಲ್ಲ. ಇದಕ್ಕಿಂತ ಕಡಿಮೆ ಯೋಚನೆ ಮಾಡಿ ರಾಜರು ಯುದ್ಧ ಸಾರಿದ್ದಾರೆ. ಅವಳು ಬಾವುಟವನ್ನು ಎಡಕ್ಕಿಟ್ಟಳು, ಬಲಕ್ಕಿಟ್ಟಳು, ಮತ್ತೆ ಚೀಲಕ್ಕೆ ಹಾಕಿದಳು.

"ಇಡೋದಾದ್ರೆ ಇಡು, ಇಲ್ಲಾ ಮನೆಗೆ ನಡಿ. ನಂಗೆ ಕಾಲು ನೋಯ್ತಿದೆ," ಎಂದಳು ಅಕ್ಕ.

ಆಟದ ಮೇಳ ವರ್ಷಕ್ಕೊಮ್ಮೆ. ಮೊದಲೇ ಹೆಸರು ಕೊಟ್ಟವರ ಆಟಗಳೆಲ್ಲ ಸಭಾಂಗಣದ ನಡುವೆ. ಹೆಸರು ಕೊಡದವರಿಗೆ ಶೌಚಾಲಯದ ದಾರಿಯ ಪಕ್ಕ ಐದಾರು ಮೇಜು. ಅಲ್ಲಿ ಯಾರಾದರೂ ಹಳದಿ ಬಾವುಟ ನಿಲ್ಲಿಸಿದರೆ, ಕಥೆಯಾಟಕ್ಕೆ ಜನ ಬೇಕು ಎಂದು ಅರ್ಥ. ಒಬ್ಬರು ಕಥೆ ನಡೆಸುತ್ತಾರೆ, ಕುಳಿತವರು ಪಾತ್ರಗಳಾಗುತ್ತಾರೆ, ಸಾವು ಬದುಕು ದಾಳದ ಕೈಯಲ್ಲಿ. ಗುರುತಿಲ್ಲದವರು ಒಟ್ಟಿಗೆ ಕೂತು ಸುಳ್ಳು ಹೇಳುವುದಕ್ಕೆ ಬಾವುಟ ಬೇರೆ ಕೇಡು ಎಂಬುದು ಅಕ್ಕನ ಅಭಿಪ್ರಾಯ. ಸುಳ್ಳಿನ ವಿಷಯದಲ್ಲಿ ಅಕ್ಕನ ಅನುಭವ ದೊಡ್ಡದು. ತಂಗಿಯ ವಯಸ್ಸನ್ನು ನೆಂಟರಿಗೆ ಹೇಳುವ ಕೆಲಸ ಅವಳದೇ.

ಕೊನೆಗೂ ಬಾವುಟ ನಿಂತಿತು. ಪಕ್ಕದಲ್ಲಿ ಅವಳು ಕೆಂಪು ಕಾರ್ಡನ್ನೂ ಇಟ್ಟಳು. ಆಡುವಾಗ ಯಾರಿಗಾದರೂ ತಾಳಲಾಗದಿದ್ದರೆ ಅದನ್ನು ಮುಟ್ಟಿದರೆ ಸಾಕು, ಆ ದೃಶ್ಯ ಅಲ್ಲಿಗೇ ಮುಗಿಯುತ್ತದೆ. ಯಾಕೆಂದು ಯಾರೂ ಕೇಳುವಂತಿಲ್ಲ. ಅಂದೂ ಇಲ್ಲ, ಮುಂದೂ ಇಲ್ಲ.

ಆ ನಿಯಮವೇ ಒಂದು ವರ್ಷದಿಂದ ಅವಳ ನಿದ್ದೆ ತಿಂದಿತ್ತು.

ಕಳೆದ ಮೇಳದಲ್ಲಿ ಲಿಫ್ಟ್ ರಿಪೇರಿ ಮಾಡುವವನೊಬ್ಬ ಇದೇ ಮೇಜಿಗೆ ಬಂದು, ಲಾಂದ್ರ ಹಿಡಿಯುವವನ ಪಾತ್ರ ಕೇಳಿ ಪಡೆದಿದ್ದ. ಅವಳ ಕಥೆಯ ಕತ್ತಲ ಹೊಳೆಯಲ್ಲಿ ಉಳಿದವರೆಲ್ಲ ಚಿನ್ನ ಹುಡುಕುತ್ತಿದ್ದರೆ, ಇವನೊಬ್ಬ ದೋಣಿಯವಳಿಗೆ ಚಳಿಯಾಗುತ್ತಿದೆಯೇ ಎಂದು ವಿಚಾರಿಸಿದ. ದೋಣಿಯವಳಾಗಿ ಮಾತಾಡುತ್ತಿದ್ದವಳು ಇವಳೇ. ಕನ್ನಡಕದಂಗಡಿಯಲ್ಲಿ ದಿನವಿಡೀ ಊರವರ ಕಣ್ಣು ನೋಡುವವಳು, ಅಂದು ಒಂದು ಜೊತೆ ಕಣ್ಣನ್ನು ನೋಡಲಾರದೆ ದಾಳ ನೋಡಿದಳು. ಕಥೆಯ ಕೊನೆಗೆ ದೋಣಿಯವಳು ಕೇಳಿದಳು: ದಡ ಬಂತು, ಇಳಿದು ಹೋಗುತ್ತೀಯಾ, ನನ್ನ ಜೊತೆ ಇರುತ್ತೀಯಾ?

ಅವನು ಕೆಂಪು ಕಾರ್ಡು ಮುಟ್ಟಿದ. ಎದ್ದು ಹೋದ.

ಅಷ್ಟು ಅಸಹ್ಯವಾಯಿತೇ...? ಏನು ತಪ್ಪು ಮಾಡಿದೆ...? ಕೇಳುವಂತಿಲ್ಲ.

ಈ ಸಲ ಮೊದಲು ಬಂದವರು ಒಬ್ಬ ನಿವೃತ್ತ ಮೇಷ್ಟ್ರು. ತಮ್ಮ ಪಾತ್ರಕ್ಕೆ ಕತ್ತಿ ಸಿಗುತ್ತದೆಂದು ಖಚಿತಪಡಿಸಿಕೊಂಡು ಕುಳಿತರು. ಕಾಲುನೋವಿನ ನೆಪದಲ್ಲಿ ಅಕ್ಕನೂ ಕುಳಿತಳು. ಮೂರನೆಯ ಕುರ್ಚಿಯನ್ನು ಯಾರೋ ಎಳೆದರು. ಬೆರಳ ಸಂದಿಯಲ್ಲಿ ಗ್ರೀಸ್ ಕಲೆ; ಅದೇ ಲಿಫ್ಟಿನವನು.

"ಲಾಂದ್ರ ಹಿಡಿಯೋಕೆ ಯಾರಾದ್ರೂ ಇದ್ದಾರಾ?" ಎಂದ ಅವನು, ತಲೆ ಎತ್ತದೆ.

"ಇಲ್ಲ."

ಆಟ ಶುರುವಾಯಿತು. ಕತ್ತಲು, ಹೊಳೆ, ದೋಣಿಯ ತಳವನ್ನು ಕೆಳಗಿನಿಂದ ಏನೋ ಕೆರೆಯುವ ಸದ್ದು. ಅವಳು ಮೇಜಿನಡಿ ಉಗುರಿನಿಂದ ಕೆರೆದಾಗ ಅಕ್ಕ ಕಾಲು ಎತ್ತಿ ಕುರ್ಚಿಯ ಮೇಲಿಟ್ಟುಕೊಂಡಳು. ದಾಳ ಕೈಕೊಟ್ಟು ಮೇಷ್ಟ್ರು ಕತ್ತಿ ಸಮೇತ ನೀರಿಗೆ ಬಿದ್ದರು; ಮುಳುಗುವ ಮುನ್ನ ಎರಡು ಬುದ್ಧಿಮಾತು ಹೇಳಲು ಅನುಮತಿ ಕೇಳಿದರು.

ಉಳಿದವರ ಹೆದರಿಕೆ ಹೊಳೆಯದು. ಅವಳದು ದಡದ್ದು. ದಡದಲ್ಲಿ ಆ ಪ್ರಶ್ನೆ ಕಾಯುತ್ತಿತ್ತು... ಕಥೆ ನಡೆಸುವವಳು ತಾನೇ ತಾನೆ? ಹೊಳೆಯನ್ನು ಅಗಲ ಮಾಡಿದಳು. ಒಂದು ಸುಳಿ ಸೇರಿಸಿದಳು. ಇನ್ನೊಂದು ಸುಳಿ.

"ದಡ ಸೇರಿಸಮ್ಮಾ ತಾಯಿ," ಎಂದಳು ಅಕ್ಕ. "ಸಮುದ್ರನೂ ಇಷ್ಟು ಅಗಲ ಇರಲ್ಲ."

ಅವಳು ದೋಣಿಯನ್ನು ದಡಕ್ಕೆ ತಂದಳು. "ದಡ ಬಂತು. ಇಳಿದು ಹೋಗ್ತೀಯಾ... ನನ್ನ ಜೊತೆ ಇರ್ತೀಯಾ?"

ಅವನ ಕೈ ಕೆಂಪು ಕಾರ್ಡಿನ ಕಡೆಗೆ ಸರಿಯಿತು. ಅವಳು ಕಣ್ಣು ಮುಚ್ಚಿದಳು. ತೆರೆದಾಗ ಬೆರಳು ಕಾರ್ಡಿನ ಮೇಲಿತ್ತು. ಆದರೆ ಅವನು ಎದ್ದಿರಲಿಲ್ಲ.

"ಯಾಕೆ ಅಂತ ಯಾರೂ ಕೇಳಬಾರದು. ಮುಟ್ಟಿದವನು ತಾನಾಗೇ ಹೇಳಬಹುದಲ್ವಾ?"

ಹೇಳಬಹುದು ಎಂದು ಮೇಷ್ಟ್ರು ನೀರಿನಡಿಯಿಂದಲೇ ತೀರ್ಪು ಕೊಟ್ಟರು.

"ಇರ್ತೀನಿ ಅನ್ನೋದು ಅವತ್ತೇ ನಾಲಿಗೆ ತುದೀಲಿತ್ತು. ಲಾಂದ್ರದವನ ಬಾಯಲ್ಲಿ ಹೇಳಿದ್ರೆ ನೀವು ಆಟ ಅಂದ್ಕೋತಿದ್ರಿ. ನನ್ನ ಬಾಯಲ್ಲಿ ಹೇಳೋಕೆ ಧೈರ್ಯ ಬರಲಿಲ್ಲ. ಹತ್ತು ಮಹಡಿ ಮೇಲೆ ಹಗ್ಗಕ್ಕೆ ನೇತಾಡೋ ಕೆಲಸ ನಂದು. ಅಷ್ಟು ಹೆದರಿದ್ದು ಅವತ್ತೊಂದೇ ದಿನ. ಕರೀತೀರೇನೋ ಅಂತ ಬಾಗಿಲ ಹತ್ರ ನಿಂತೇ ಇದ್ದೆ."

"ನಾನು ಕೇಳೋ ಹಾಗಿರಲಿಲ್ಲ..."

"ಈಗ ಕೇಳಿ. ದೋಣಿಯವಳಲ್ಲ, ನೀವು."

ಅವಳು ಕಾರ್ಡನ್ನು ಅವನ ಬೆರಳಡಿಯಿಂದ ಎಳೆದು ಚೀಲಕ್ಕೆ ಹಾಕಿದಳು.

"ಇರ್ತೀರಾ?"

"ಇರ್ತೀನಿ."

"ನಂಗೆ ಹೆದರಿಕೆ ಆಗ್ತಿದೆ."

"ನಂಗೂ. ಲಾಂದ್ರ ನಾನು ಹಿಡ್ಕೋತೀನಿ, ನೀವು ದೋಣಿ ನೋಡ್ಕೊಳ್ಳಿ."

ಮೇಜು ಭರ್ತಿಯಾಗಿತ್ತು. ಅಕ್ಕ ಬಾವುಟ ಇಳಿಸಿದಳು.