ಅತ್ತೆಯ ಒಪ್ಪಿಗೆ

"ಅವ್ವನ ಕಣ್ಣಿನ ಪೊರೆ ತೆಗಸಾಕೆ ಅವ್ವನ್ನೇ ಕೇಳ್ಬೇಕೇನಲೇ? ಹಿರೇಮಗ ನಾನೇನು ಸತ್ತೀನಾ?"

ಮುರುಗಪ್ಪ ಚಿತ್ರದುರ್ಗದ ಅರಳೆ ವ್ಯಾಪಾರಿ. ದನಿಯೂ ಅರಳೆ ಮಂಡಿಯ ಗದ್ದಲಕ್ಕೆ ತಕ್ಕಂಥದ್ದು. ಪಡಸಾಲೆಯಲ್ಲಿ ಅವನೆದುರು ಕುಳಿತ ತಮ್ಮ, ಡಾಕ್ಟರ್ ಮರುಳಸಿದ್ದಪ್ಪ ಕದಲಲಿಲ್ಲ. ಅಡುಗೆಮನೆಯಲ್ಲಿ ಡಾಕ್ಟರ ಹೆಂಡತಿ ವೀರಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಬಾಗಿಲ ಮರೆಗೆ ಬಂದಳು.

ಗಂಡನ ಹೊಸ ಕಸುಬೆಂದರೆ ಅವಳಿಗೆ ತೀರದ ಕುತೂಹಲ. ಹಿಂದೊಮ್ಮೆ ಹಿರಿಯೂರು ಕಡೆಯ ಕುರಿಗಾರ ಜುಂಜಣ್ಣನ ಕೊಳೆತ ಕಾಲನ್ನು ಅವನ ಅಣ್ಣಂದಿರ ಮಾತಿನ ಮೇಲೆ ಡಾಕ್ಟರ್ ಕತ್ತರಿಸಿದ್ದ. ಜೀವ ಉಳಿಯಿತು. ಎಚ್ಚರವಾದ ಜುಂಜಣ್ಣ, "ಕಾಲು ನಂದು, ನನ್ನ ಕೇಳಿದ್ರಾ ಸ್ವಾಮಿ?" ಎಂದು ಕೋರ್ಟಿಗೇ ಹೋದ. ಡಾಕ್ಟರ್ ಗೆದ್ದ, ಆದರೆ ಸೋತವನ ಪ್ರಶ್ನೆಯನ್ನೇ ಮನೆಗೆ ತಂದ. ಶಸ್ತ್ರದ ಪೆಟ್ಟಿಗೆ ಅಟ್ಟ ಸೇರಿತು. ಈಗ ಅವನು ಗಾಯ ಯಾವುದರಿಂದಾಯಿತೆಂದು ವಕೀಲರಿಗೆ ಹೇಳುತ್ತಾನೆ, ಕತ್ತಿ ಯಾವಾಗ ಹಿಡಿಯಬಾರದೆಂದು ಎಳೆಯ ಡಾಕ್ಟರುಗಳಿಗೆ ಹೇಳುತ್ತಾನೆ. "ಕೊಯ್ಯೋ ಮಗ ಮಾತಾಡೋ ಮಗ ಆದ," ಎಂದು ತಾಯಿ ಉಚ್ಚಂಗೆಮ್ಮ ಕೇರಿಗೆಲ್ಲ ಹೇಳಿಕೊಂಡು ಅತ್ತಿದ್ದಳು. ಅವಳ ಲೆಕ್ಕದಲ್ಲಿ ಅದಕ್ಕೂ ಸೊಸೆಯ ಕಾಲ್ಗುಣವೇ ಕಾರಣವಾಗಿತ್ತು.

ಬೆಂಗಳೂರಿನಿಂದ ಊರಿನ ಆಸ್ಪತ್ರೆಗೆ ಬಂದಿದ್ದ ಕಣ್ಣಿನ ಡಾಕ್ಟರು ನಾಳೆ ಹೊರಡುವವರು. ಇವತ್ತು ಆಗದಿದ್ದರೆ ಮುದುಕಿಗೆ ಕತ್ತಲೆಯೇ ಗತಿ.

"ಕಣ್ಣು ಅವ್ವಂದು. ಆಕಿ ಹೂಂ ಅನ್ನದೆ ಯಾರೂ ಮುಟ್ಟಂಗಿಲ್ಲ," ಎಂದ ಮರುಳಸಿದ್ದಪ್ಪ, ಪಡಸಾಲೆಯ ಕಂಬದೆದುರು ಕುಳಿತಿದ್ದ ತಾಯಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತ. "ಅವ್ವಾ, ಪೊರೆ ತೆಗೆದ್ರೆ ಕಣ್ಣು ಕಾಣಬಹುದು. ಕೆಟ್ರೆ ಇರೋ ಮಿಣುಕೂ ಹೋಗಬಹುದು. ನೀನೇನಂತೀ?"

ಉಚ್ಚಂಗೆಮ್ಮ ದನಿ ಬಂದ ಕಡೆ ಮುಖ ತಿರುಗಿಸಿದಳು. ಮದುವೆ ಮಾಡುವಾಗ ಯಾರೂ ಅವಳನ್ನು ಕೇಳಿರಲಿಲ್ಲ. ಗಂಡ ಹೋದ ಮೇಲೆ ಹೊಳಲ್ಕೆರೆಯ ಮನೆ ಮಾರಿ ಇಲ್ಲಿಗೆ ಕರೆತರುವಾಗಲೂ ಕೇಳಿರಲಿಲ್ಲ...

"ನನ್ನ ಕೇಳ್ತಾ ಇದ್ದೀಯೇನೋ?" ಎಂದಳು. ಆಮೇಲೆ ಸೆರಗು ಸರಿಮಾಡಿಕೊಂಡು, "ತಡಿ. ಯೋಚ್ನೆ ಮಾಡ್ಬೇಕು."

ಮುರುಗಪ್ಪ ಹಣೆ ಚಚ್ಚಿಕೊಂಡ. ಮುದುಕಿ ಎಲೆಯಡಿಕೆ ತರಿಸಿಕೊಂಡು, ಸಾವಕಾಶವಾಗಿ ಅಗಿಯುತ್ತ, ಹಬ್ಬದೂಟ ಉಣ್ಣುವವಳಂತೆ ಯೋಚಿಸಿದಳು. ಕೊನೆಗೆ ಕೂಗಿದಳು: "ವೀರೀ, ಬಾರೇ ಇಲ್ಲಿ."

ವೀರಮ್ಮ ಹಿಟ್ಟಿನ ಕೈಯಲ್ಲೇ ಬಂದಳು.

"ನಂಗೆ ಕಣ್ಣು ಬಂದ್ರೆ ನಿಂಗೆ ಕಷ್ಟ ಏನೇ? ದಿಟ ಹೇಳು."

ವೀರಮ್ಮ ಕೈಯ ಹಿಟ್ಟು ಉದುರಿಸಿದಳು.

"ಕಷ್ಟಾನೇ, ಅತ್ತೆ. ಆದ್ರೂ ಮಾಡಿಸ್ಕಳ್ರಿ."

"ಯಾಕೆ?"

"ಎರಡು ವರ್ಷದಿಂದ ಆ ಕಂಬಾನೇ ನಾನು ಅನ್ಕಂಡು, ಅದರ ಕಡೆ ಮುಖ ಮಾಡಿ ಬೈತೀರಿ. ನನ್ನ ಕೈಲಿ ನೋಡಾಕಾಗಲ್ಲ. ಬೈಯೋದಾದ್ರೆ... ನನ್ನ ಮುಖ ನೋಡಿ ಬೈರಿ..." ಉಳಿದದ್ದನ್ನು ಸೆರಗು ನುಂಗಿತು.

ಉಚ್ಚಂಗೆಮ್ಮ ಬಾಯಲ್ಲಿದ್ದ ಎಲೆಯಡಿಕೆ ಉಗಿದಳು. ಆಮೇಲೆ ಎದ್ದು ನಿಂತು, "ಗಾಡಿ ಕಟ್ಟಿಸ್ರಿ," ಎಂದಳು.

ದಪ್ಪ ಗಾಜಿನ ಕನ್ನಡಕ ಬಂದ ದಿನ ಅವಳು ಸೊಸೆಯನ್ನು ಬೆಳಕಿಗೆ ನಿಲ್ಲಿಸಿಕೊಂಡಳು. ಬೈಗುಳ ಈಗ ಬಂತು, ಇನ್ನೇನು ಬಂತು ಎಂದು ಗಂಡುಮಕ್ಕಳಿಬ್ಬರೂ ದೂರ ಸರಿದರು.

"ಕೂದಲು ಇಷ್ಟು ನರೆತಾವಲ್ಲೇ... ಯಾವಾಗ?" ಮುದುಕಿಯ ಕೈ ಸೊಸೆಯ ತಲೆಯ ಹತ್ತಿರ ಬಂದು, ಮುಟ್ಟದೆ ನಿಂತಿತು. "ಎಣ್ಣೆ ಹಚ್ಚಲಾ?"

"ತಡೀರಿ ಅತ್ತೆ, ಯೋಚ್ನೆ ಮಾಡ್ಬೇಕು," ಎಂದಳು ವೀರಮ್ಮ. ಹೇಳುವಷ್ಟರಲ್ಲೇ ಅತ್ತೆಯ ಮೊಣಕಾಲಿಗೆ ಬೆನ್ನು ಕೊಟ್ಟು ಕುಳಿತಾಗಿತ್ತು.